‘ಗಡಿ’ ಹುಡುಕಿದರೆ ‘ಅಂಗಡಿ’ ಸಿಗುವುದೇಕೆ: ರೆಜೆಕ್ಸ್‌ನಲ್ಲಿ ಕನ್ನಡ ಪದ ಹಿಡಿಯುವ ದಾರಿ

ದೊಡ್ಡ ಕಡತವೊಂದರಲ್ಲಿ ‘ಗಡಿ’ ಎಂಬ ಪದ ಎಲ್ಲೆಲ್ಲಿದೆ ಎಂದು ನೋಡಬೇಕು ಅಂದುಕೊಳ್ಳಿ. ರೆಜೆಕ್ಸ್ ಎಂದರೆ ಅಕ್ಷರಗಳ ಒಂದು ಮಾದರಿ (ಪ್ಯಾಟರ್ನ್) ಕೊಟ್ಟು ಪಠ್ಯದಲ್ಲಿ ಹುಡುಕುವ ವಿಧಾನ. ಅದಕ್ಕೆ ಪ್ಯಾಟರ್ನ್ ಆಗಿ ಬರೀ ‘ಗಡಿ’ ಎಂದು ಕೊಟ್ಟರೆ ಅಂಗಡಿ, ಗಡಿಯಾರ, ಗಡಿಬಿಡಿ, ಗಡಿಗೆ ಎಲ್ಲವೂ ಬಂದು ಬೀಳುತ್ತವೆ. ಹುಡುಕುವಾಗ ಇದು ಕಿರಿಕಿರಿ ಅಷ್ಟೇ. ಹುಡುಕಿ ಬದಲಿಸುವಾಗ ಮಾತ್ರ ಅನಾಹುತ: ‘ಗಡಿ’ಯನ್ನು ‘ಎಲ್ಲೆ’ ಎಂದು ಬದಲಿಸಿದರೆ ಅಂಗಡಿ ‘ಅಂಎಲ್ಲೆ’ಯಾಗುತ್ತದೆ, ಗಡಿಯಾರ ‘ಎಲ್ಲೆಯಾರ’ ಆಗುತ್ತದೆ.

ಇದಕ್ಕೆ ಎಲ್ಲ ಪಾಠಗಳೂ ಹೇಳಿಕೊಡುವ ಮದ್ದು ಪದದ ಅಂಚಿನ ಗುರುತು, ಅಂದರೆ ಬ್ಯಾಕ್‌ಸ್ಲ್ಯಾಶ್ ಮತ್ತು ಅದರ ಬೆನ್ನಿಗೆ ಇಂಗ್ಲಿಷಿನ ಸಣ್ಣ ಬಿ. ಇಲ್ಲಿ ಅದನ್ನು ಸ್ಲ್ಯಾಶ್-ಬಿ ಎನ್ನೋಣ. ‘ಪದದ ಅಕ್ಷರ’ ಎಂದು ಸೂಚಿಸುವ ಗುರುತನ್ನು ಸ್ಲ್ಯಾಶ್-ಡಬ್ಲ್ಯೂ ಎನ್ನೋಣ. ಇಂಗ್ಲಿಷ್ ಪಠ್ಯದಲ್ಲಿ ಈ ಮದ್ದು ಸಾಕಾಗುತ್ತದೆ. ಕನ್ನಡ ಪಠ್ಯದಲ್ಲಿ ಮಾತ್ರ ಹಲವು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅದು ತಲೆಕೆಳಗಾಗಿ ಕೆಲಸ ಮಾಡುತ್ತದೆ. ಎಂಜಿನ್‌ಗೆ ‘ಪದ’ ಎಂದರೇನೆಂದು ಗೊತ್ತಿಲ್ಲ, ಅದಕ್ಕೆ ಕಾಣುವುದು ಕೋಡ್ ಪಾಯಿಂಟ್‌ಗಳ ಸಾಲು, ಅಂದರೆ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಯೂನಿಕೋಡ್ ಕೊಟ್ಟಿರುವ ಸಂಖ್ಯೆಗಳ ಸಾಲು. ಹಾಗಾಗಿ ಪದದ ಅಂಚು ಯಾವುದೆಂದು ನಾವೇ ಬರೆದುಕೊಡಬೇಕು.

ಹೆಜ್ಜೆ 1: ಸ್ಲ್ಯಾಶ್-ಬಿ ಏನು ಮಾಡುತ್ತಿದೆ ಎಂದು ನೋಡಿ

ಸ್ಲ್ಯಾಶ್-ಬಿ ಯಾವ ಅಕ್ಷರವನ್ನೂ ನುಂಗುವುದಿಲ್ಲ. ಒಂದು ಪಕ್ಕದಲ್ಲಿ ಸ್ಲ್ಯಾಶ್-ಡಬ್ಲ್ಯೂಗೆ ಸೇರಿದ ಅಕ್ಷರ, ಇನ್ನೊಂದು ಪಕ್ಕದಲ್ಲಿ ಸೇರದ ಅಕ್ಷರ ಅಥವಾ ಪಠ್ಯದ ತುದಿ ಇರುವ ಜಾಗ ಅದು. ಎಡವಟ್ಟೆಲ್ಲ ಸ್ಲ್ಯಾಶ್-ಡಬ್ಲ್ಯೂಗೆ ಯಾರು ಸೇರುತ್ತಾರೆ ಎಂಬುದರಲ್ಲಿದೆ.

ಪೈಥಾನ್ 3ರ ಜೊತೆಗೇ ಬರುವ ರೆಜೆಕ್ಸ್ ಮಾಡ್ಯೂಲ್‌ನಲ್ಲಿ ಅ, ಕ, ಗ, ಡ ಮುಂತಾದ ಮೂಲಾಕ್ಷರಗಳು ಸೇರುತ್ತವೆ. ಸ್ವರಚಿಹ್ನೆಗಳು, ವಿರಾಮ (್), ಅನುಸ್ವಾರ, ವಿಸರ್ಗ ಸೇರುವುದಿಲ್ಲ, ಏಕೆಂದರೆ ಯೂನಿಕೋಡ್ ಇವನ್ನು ಅಕ್ಷರಗಳ ವರ್ಗದಲ್ಲಿ ಇಡದೆ ಅಂಟುಚಿಹ್ನೆಗಳ ವರ್ಗದಲ್ಲಿ ಇಟ್ಟಿದೆ. ‘ಕನ್ನಡ’ ಎಂಬ ಪದದ ಮೇಲೆ ಸ್ಲ್ಯಾಶ್-ಡಬ್ಲ್ಯೂ ಮತ್ತು + (ಒಂದು ಅಥವಾ ಹೆಚ್ಚು ಸಲ) ಓಡಿಸಿ ನೋಡಿ: ‘ಕನ’, ‘ನಡ’ ಎಂದು ಎರಡು ತುಂಡು ಕೈಗೆ ಬರುತ್ತವೆ, ವಿರಾಮ ಮಾಯ.

ಈಗ ‘ಗಡಿ’ಯ ಎರಡೂ ಬದಿಗೆ ಸ್ಲ್ಯಾಶ್-ಬಿ ಹಾಕಿ. ಪದದಲ್ಲಿರುವುದು ಮೂರು ಕೋಡ್ ಪಾಯಿಂಟ್: ಗ, ಡ, ಇ-ಕಾರದ ಚಿಹ್ನೆ. ‘ಗಡಿ ದಾಟಿದರು’ ಎಂಬ ಪಠ್ಯದಲ್ಲಿ ಎಡಬದಿ ಸರಿಹೋಗುತ್ತದೆ. ಬಲಬದಿಯಲ್ಲಿ ಇ-ಕಾರದ ಚಿಹ್ನೆ ಪದದ ಅಕ್ಷರವಲ್ಲ, ಅದರ ಮುಂದಿನ ಖಾಲಿ ಜಾಗವೂ ಅಲ್ಲ. ಅಂಚು ಇಲ್ಲ, ಮ್ಯಾಚ್ ಇಲ್ಲ. ‘ಅಂಗಡಿಯಲ್ಲಿ’ ಎಂಬಲ್ಲಿ ನೋಡಿ: ಅನುಸ್ವಾರ ಪದದ ಅಕ್ಷರವಲ್ಲ, ಗ ಪದದ ಅಕ್ಷರ, ಎಡಕ್ಕೆ ಅಂಚು ಸಿಕ್ಕಿತು. ಇ-ಕಾರ ಅಲ್ಲ, ಯ ಹೌದು, ಬಲಕ್ಕೂ ಅಂಚು ಸಿಕ್ಕಿತು. ಒಂಟಿಯಾಗಿ ನಿಂತ ‘ಗಡಿ’ ತಪ್ಪಿಸಿಕೊಂಡು ‘ಅಂಗಡಿಯಲ್ಲಿ’ ಸಿಕ್ಕಿಬಿದ್ದಿತು!

ಈ ದೋಷ ಬೇಗ ಕಣ್ಣಿಗೆ ಬೀಳದಿರಲು ಕಾರಣವಿದೆ. ಪರೀಕ್ಷೆಗೆ ‘ಮರ’, ‘ಹಣ’, ‘ಕನಸ’ ಥರದ ಅ-ಕಾರಾಂತ ರೂಪಗಳನ್ನು ಕೊಟ್ಟರೆ ಕೊನೆಯ ಕೋಡ್ ಪಾಯಿಂಟ್ ಮೂಲಾಕ್ಷರವೇ ಆಗಿರುವುದರಿಂದ ಎಲ್ಲ ಸರಿಯಿದ್ದಂತೆ ಕಾಣುತ್ತದೆ. ಅದೇ ಪ್ಯಾಟರ್ನ್ ‘ಮರಿ’, ‘ಮರು’, ‘ಚಾಮರ’ಗಳಲ್ಲೂ ‘ಮರ’ವನ್ನು ಹಿಡಿಯುತ್ತಿದೆ ಎಂಬುದು ಆಮೇಲೆ ಗೊತ್ತಾಗುತ್ತದೆ.

ಬೇರೆ ಭಾಷೆಗಳ ಕಥೆ ಬೇರೆ. ಜಾವಾಸ್ಕ್ರಿಪ್ಟ್‌ನಲ್ಲಿ ಸ್ಲ್ಯಾಶ್-ಡಬ್ಲ್ಯೂ ಎಂದರೆ ಇಂಗ್ಲಿಷ್ ಅಕ್ಷರ, 0ಯಿಂದ 9ರ ಅಂಕಿ, ಅಂಡರ್‌ಸ್ಕೋರ್ ಇಷ್ಟೇ. ಯೂನಿಕೋಡ್ ಫ್ಲ್ಯಾಗ್ (ರೆಜೆಕ್ಸ್‌ನ ವರ್ತನೆ ಬದಲಿಸುವ ಸೂಚಕ) ಹಾಕಿದರೂ ಇದು ಬದಲಾಗದು. ಆದ್ದರಿಂದ ಶುದ್ಧ ಕನ್ನಡ ಪಠ್ಯದಲ್ಲಿ ಸ್ಲ್ಯಾಶ್-ಬಿ ಇರುವ ಪ್ಯಾಟರ್ನ್ ಎಂದಿಗೂ ಮ್ಯಾಚ್ ಆಗುವುದಿಲ್ಲ. ಗೋ ಭಾಷೆಯಲ್ಲೂ ಹಾಗೆಯೇ. ಜಾವಾದಲ್ಲಿ 19ನೇ ಆವೃತ್ತಿಯಿಂದ ಸ್ಲ್ಯಾಶ್-ಬಿ ಕೂಡ ಪೂರ್ವನಿಯೋಜಿತವಾಗಿ ಆಸ್ಕಿ ಅಕ್ಷರಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹಳೆಯ ಜಾವಾದಲ್ಲಿ ಸರಿಯಿದ್ದ ಕೋಡ್ ಅಪ್‌ಗ್ರೇಡ್ ಆದ ಮೇಲೆ ಸುಮ್ಮನಾದರೆ ಮೊದಲು ಇಲ್ಲಿ ನೋಡಿ. ಯೂನಿಕೋಡ್ ಕ್ಯಾರೆಕ್ಟರ್ ಕ್ಲಾಸ್ ಫ್ಲ್ಯಾಗ್ ಹಾಕಿದರೆ ಸರಿಹೋಗುತ್ತದೆ. ರಸ್ಟ್‌ನ ರೆಜೆಕ್ಸ್ ಲೈಬ್ರರಿ ಅಂಟುಚಿಹ್ನೆಗಳನ್ನೂ ಪದದೊಳಗೆ ಸೇರಿಸಿಕೊಳ್ಳುವುದರಿಂದ ಅಲ್ಲಿ ಸ್ಲ್ಯಾಶ್-ಬಿಯನ್ನು ನಂಬಬಹುದು. ಪೈಥಾನ್‌ನಲ್ಲೂ ಬೇರೆಯಾಗಿ ಇನ್‌ಸ್ಟಾಲ್ ಮಾಡಿಕೊಳ್ಳುವ ‘ರೆಜೆಕ್ಸ್’ ಹೆಸರಿನ ಪ್ಯಾಕೇಜ್ ಇದನ್ನು ಸರಿಯಾಗಿ ಮಾಡುತ್ತದೆ.

ಹೆಜ್ಜೆ 2: ಅಂಚನ್ನು ನೀವೇ ಬರೆಯಿರಿ

ಬೇಕಿರುವುದು ಇಷ್ಟು: ಪದದ ಹಿಂದೆ ಕನ್ನಡ ಅಕ್ಷರ ಇರಬಾರದು, ಮುಂದೆಯೂ ಇರಬಾರದು. ಲುಕ್‌ಬಿಹೈಂಡ್, ಲುಕ್‌ಅಹೆಡ್ ಬಳಸಿ, ಅಂದರೆ ಅಕ್ಷರ ನುಂಗದೆ ಹಿಂದೆ ಮತ್ತು ಮುಂದೆ ಏನಿದೆ ಎಂದು ನೋಡುವ ಗುರುತುಗಳಿಂದ, ಹೀಗೆ ಬರೆಯಬಹುದು:

`(?<![ಂ-ೖ])ಗಡಿ(?![ಂ-ೖ])`

ಚೌಕ ಕಂಸದೊಳಗಿನ ಕೊನೆಯ ಗುರುತು ಎಡಿಟರ್‌ನಲ್ಲಿ ಚುಕ್ಕಿ ವೃತ್ತದೊಂದಿಗೋ ಹೈಫನ್‌ಗೆ ಅಂಟಿಕೊಂಡೋ ಕಾಣುತ್ತದೆ. ಅದು ನೋಟದ ತೊಂದರೆ ಮಾತ್ರ. ಆದರೂ ಕೋಡ್‌ನಲ್ಲಿ ಚಿಹ್ನೆಯನ್ನೇ ಟೈಪ್ ಮಾಡುವ ಬದಲು ಕೋಡ್ ಪಾಯಿಂಟ್ ಎಸ್ಕೇಪ್ (ಬ್ಯಾಕ್‌ಸ್ಲ್ಯಾಶ್‌ನಿಂದ ಶುರುವಾಗುವ, ಚಿಹ್ನೆಯ ಸಂಖ್ಯೆ ಹೇಳುವ ಬರಹ) ಬರೆಯುವುದು ಒಳ್ಳೆಯದು: ದಶಮಾನದಲ್ಲಿ ಹೇಳುವುದಾದರೆ 3202ರಿಂದ 3286. ಎಸ್ಕೇಪ್ ಬರೆಯಲು ಇವನ್ನು ಹದಿನಾರರ ಮಾನಕ್ಕೆ ತಿರುಗಿಸಿಕೊಳ್ಳಿ.

ಈ ಸಂಖ್ಯೆಗಳೇ ಏಕೆ? ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 3200ರಿಂದ 3327. ಅನುಸ್ವಾರ 3202, ವಿಸರ್ಗ 3203, ‘ಅ’ 3205, ‘ಹ’ 3257, ವಿರಾಮ 3277, ದೀರ್ಘದ ಬಿಡಿ ಚಿಹ್ನೆಗಳು 3285 ಮತ್ತು 3286. ಇಂಗ್ಲಿಷಿನ ಎ-ಯಿಂದ-ಝಡ್ ರೂಢಿಯಲ್ಲಿ ಹಲವರು `[ಅ-ಹ]` ಎಂದು ಬರೆದುಬಿಡುತ್ತಾರೆ. ಅದರಲ್ಲಿ ಒಂದೇ ಒಂದು ಸ್ವರಚಿಹ್ನೆಯೂ ಇಲ್ಲ, ವಿರಾಮವೂ ಇಲ್ಲ. ‘ಚಾಮರ’ದೊಳಗಿನ ‘ಮರ’ದ ಹಿಂದೆ ಇರುವುದು ಆ-ಕಾರದ ಚಿಹ್ನೆ; ಅದು ಈ ಗುಂಪಿನಲ್ಲಿ ಇಲ್ಲದ ಕಾರಣ ಅಲ್ಲಿ ಅಂಚು ಇದೆ ಎಂದೇ ಎಂಜಿನ್ ತಿಳಿಯುತ್ತದೆ. ಇದನ್ನು ಕಂಡು ವಿರಾಮದವರೆಗೂ ಎಳೆದವರು ಇನ್ನೊಂದು ಕಡೆ ಬೀಳುತ್ತಾರೆ: ವರ್ಣಮಾಲೆಯಲ್ಲಿ ಅಂ, ಅಃ ಸ್ವರಗಳ ಕೊನೆಗೆ ಬಂದರೂ ಯೂನಿಕೋಡ್ ಸಾಲಿನಲ್ಲಿ ಅನುಸ್ವಾರ, ವಿಸರ್ಗಗಳು ‘ಅ’ಗಿಂತ ಮುಂಚೆಯೇ ಕೂತಿವೆ. ‘ಅ’ಯಿಂದ ಶುರುಮಾಡಿದ ಗುಂಪು ಅನುಸ್ವಾರವನ್ನು ಬಿಟ್ಟುಬಿಡುತ್ತದೆ, ಮತ್ತೆ ಅಂಗಡಿಯೊಳಗೆ ಗಡಿ ಸಿಗುತ್ತದೆ.

ಕನ್ನಡ ಅಂಕಿಗಳು 3302–3311. ಮೇಲಿನ ಗುಂಪಿನಲ್ಲಿ ಅವಿಲ್ಲ, ಹಾಗಾಗಿ ‘ಗಡಿ೨’ ಎಂದಿದ್ದರೆ ಗಡಿ ಮ್ಯಾಚ್ ಆಗುತ್ತದೆ. ಬೇಡವಾದರೆ `೦-೯` ಸೇರಿಸಿ. ಹಳಗನ್ನಡದ ಪಠ್ಯವಾದರೆ ಱ ಗುಂಪಿನೊಳಗೇ ಇದೆ, ೞ ಮಾತ್ರ 3294ರಲ್ಲಿ ಹೊರಗಿದೆ. ಅದನ್ನು ಬಿಡಿಯಾಗಿ ಸೇರಿಸಬೇಕು.

ಕನ್ನಡದ ಜೊತೆ ಬೇರೆ ಲಿಪಿಗಳೂ ಬೆರೆತ ಪಠ್ಯಕ್ಕೆ ಯೂನಿಕೋಡ್ ವರ್ಗಗಳನ್ನು ಬಳಸುವುದು ಲೇಸು, ಅಂದರೆ ಸ್ಲ್ಯಾಶ್-ಪಿ ಮುಂದೆ ಪುಷ್ಪ ಕಂಸದಲ್ಲಿ ಅಕ್ಷರ ವರ್ಗದ ಎಲ್, ಅಂಟುಚಿಹ್ನೆ ವರ್ಗದ ಎಮ್. ಎರಡೂ ಬೇಕು. ಎಲ್ ಒಂದನ್ನೇ ಹಾಕಿದರೆ ಮತ್ತೆ `[ಅ-ಹ]`ದ ಗತಿಯೇ. ಜಾವಾಸ್ಕ್ರಿಪ್ಟ್‌ನಲ್ಲಿ ಇದಕ್ಕೆ ಯೂನಿಕೋಡ್ ಫ್ಲ್ಯಾಗ್ ಕಡ್ಡಾಯ. ಪೈಥಾನ್‌ನ ಜೊತೆಗೇ ಬರುವ ಮಾಡ್ಯೂಲ್‌ನಲ್ಲಿ ಈ ಸೌಲಭ್ಯವೇ ಇಲ್ಲ.

ಪಿಎಚ್‌ಪಿಯಲ್ಲಿ ಯೂನಿಕೋಡ್ ಸೂಚಕ ಮರೆತರೆ ಎಂಜಿನ್ ಬೈಟ್‌ಗಳನ್ನು ನೋಡುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್ ಪಾಯಿಂಟ್ 3 ಬೈಟ್. ಬಿಡಿ ಪದದ ಹುಡುಕಾಟ ಆಗಲೂ ನಡೆದುಹೋಗುತ್ತದೆ, ಚೌಕ ಕಂಸದ ಗುಂಪುಗಳು ಮಾತ್ರ ಅರ್ಥ ಕಳೆದುಕೊಳ್ಳುತ್ತವೆ.

ಲುಕ್‌ಬಿಹೈಂಡ್ ಇಲ್ಲದ ಕಡೆ

ಗೋ ಭಾಷೆಯ ರೆಜೆಕ್ಸ್‌ನಲ್ಲಿ ಲುಕ್‌ಬಿಹೈಂಡೂ ಇಲ್ಲ, ಲುಕ್‌ಅಹೆಡೂ ಇಲ್ಲ. ಸಫಾರಿ ಬ್ರೌಸರ್‌ಗೆ ಲುಕ್‌ಬಿಹೈಂಡ್ ಬಂದದ್ದು 2023ರ 16.4ನೇ ಆವೃತ್ತಿಯಲ್ಲಿ. ಅಂಥ ಕಡೆ ಸಾಮಾನ್ಯವಾಗಿ ಹೀಗೆ ಬರೆಯುತ್ತಾರೆ:

`(^|[^ಂ-ೖ])ಗಡಿ($|[^ಂ-ೖ])`

ಇಲ್ಲಿ `^` ಪಠ್ಯದ ಆರಂಭ, `$` ಅದರ ಕೊನೆ, `|` ಎಂದರೆ ‘ಅಥವಾ’. ಈ ಪ್ಯಾಟರ್ನ್ ಅಕ್ಕಪಕ್ಕದ ಅಕ್ಷರವನ್ನೂ ನುಂಗುತ್ತದೆ. ‘ಗಡಿ ಗಡಿ ಗಡಿ’ ಎಂದಿದ್ದರೆ ಮೊದಲನೆಯದರ ಜೊತೆ ಅದರ ಮುಂದಿನ ಖಾಲಿ ಜಾಗವೂ ಹೋಗುತ್ತದೆ. ಎರಡನೆಯ ಗಡಿಗೆ ಎಡ ಅಂಚು ಉಳಿಯುವುದಿಲ್ಲ. ಸಿಗುವುದು ಒಂದನೆಯದು, ಮೂರನೆಯದು. ಬದಲಿಸುವಾಗ ನುಂಗಿದ ಅಕ್ಷರಗಳನ್ನು ದುಂಡು ಕಂಸದ ಗುಂಪುಗಳಿಂದ ವಾಪಸ್ ಹಾಕಬೇಕು, ಇಲ್ಲದಿದ್ದರೆ ಪದಗಳು ಅಂಟಿಕೊಳ್ಳುತ್ತವೆ.

ಇಷ್ಟೆಲ್ಲ ಕಸರತ್ತಿಗಿಂತ `[ಂ-ೖ]+` ಎಂದು ಕೊಟ್ಟು ಪಠ್ಯವನ್ನು ಪದಗಳಾಗಿ ಒಡೆದು, ಒಂದೊಂದನ್ನೂ ಪಟ್ಟಿಯೊಂದಿಗೆ ನೇರವಾಗಿ ಹೋಲಿಸುವುದು ವಾಸಿ. ಹುಡುಕಬೇಕಾದ ಪದಗಳು ಹತ್ತಾರು ಇದ್ದರಂತೂ ಇದೇ ಸರಿ. ಸಾವಿರ ಪದಗಳನ್ನು | ಹಾಕಿ ಒಂದೇ ಪ್ಯಾಟರ್ನ್‌ಗೆ ತುರುಕುವುದಕ್ಕಿಂತ ಒಂದು ಸೆಟ್‌ನಲ್ಲಿ ಇಟ್ಟು ‘ಇದೆಯೇ’ ಎಂದು ಕೇಳುವುದು ವೇಗವೂ ಹೌದು, ಓದಲು ಸುಲಭವೂ ಹೌದು.

ಹೆಜ್ಜೆ 3: ಹುಡುಕುವ ಮೊದಲು ಪಠ್ಯ ಶುಚಿಮಾಡಿ

ಪ್ಯಾಟರ್ನ್ ಸರಿಯಿದ್ದರೂ ಪದ ಸಿಗದಿದ್ದರೆ ತಪ್ಪು ಬಹುತೇಕ ಪಠ್ಯದಲ್ಲಿರುತ್ತದೆ. ನೋಡಲು ಒಂದೇ, ಒಳಗೆ ಬೇರೆ.

ಮೊದಲನೆಯದು ಸೊನ್ನೆಯ ಕಾಟ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನು ಒತ್ತಿ ‘ಅ೦ಗಡಿ’, ‘ಕ೦ಪ್ಯೂಟರ್’ ಎಂದು ಟೈಪ್ ಮಾಡಿದ ಪಠ್ಯಕ್ಕೆ ಕೊರತೆಯಿಲ್ಲ. ಕಣ್ಣಿಗೆ ವ್ಯತ್ಯಾಸ ತಿಳಿಯುವುದೇ ಕಷ್ಟ; ಎಂಜಿನ್‌ಗೆ 3202 ಬೇರೆ, 3302 ಬೇರೆ. ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಹೀಗೆ ಹಿಡಿದು ಅನುಸ್ವಾರಕ್ಕೆ ಬದಲಿಸಿ:

`(?<=[ಅ-ೖ])೦`

ಇಲ್ಲಿ ಗುಂಪು ‘ಅ’ಯಿಂದಲೇ ಶುರುವಾಗಿರುವುದು ಬೇಕೆಂದೇ. ಅಂಕಿಗಳು ಗುಂಪಿನ ಹೊರಗಿರುವುದರಿಂದ ‘೧೦’, ‘೨೦೦’ ಹಾಗೇ ಉಳಿಯುತ್ತವೆ.

ಎರಡನೆಯದು ಒಡೆದ ಸ್ವರಚಿಹ್ನೆ. ಓ-ಕಾರವನ್ನು ಒಂದೇ ಕೋಡ್ ಪಾಯಿಂಟ್ (3275) ಆಗಿ ಬರೆಯಬಹುದು, ಅಥವಾ 3270, 3266, 3285 ಎಂಬ ಮೂರು ತುಂಡಾಗಿಯೂ ಬರೆಯಬಹುದು. ಈ, ಏ, ಐ, ಒ ಕಾರಗಳಿಗೂ ಹೀಗೆ ಎರಡು ತುಂಡಿನ ರೂಪಗಳಿವೆ. ಪ್ಯಾಟರ್ನ್ ಮತ್ತು ಪಠ್ಯ ಎರಡನ್ನೂ ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಕೋಡ್ ಪಾಯಿಂಟ್ ಆಗಿ ಸೇರಿಸುವ ಯೂನಿಕೋಡ್ ರೂಪ) ನಾರ್ಮಲೈಸ್ ಮಾಡಿದರೆ ಈ ತಕರಾರು ಮುಗಿಯಿತು. ಪಠ್ಯವನ್ನು ಮಾತ್ರ ಮಾಡಿ ಪ್ಯಾಟರ್ನ್ ಬಿಟ್ಟುಬಿಡುವುದು ಮಾಮೂಲಿ ಮರೆವು.

ಮೂರನೆಯದು ಕಾಣದ ಜೋಡಕಗಳು. ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಬರೆದಾಗ ಟ್ ಮತ್ತು ವೇ ನಡುವೆ 8204 ಎಂಬ ಅಗಲವಿಲ್ಲದ ಅಕ್ಷರ ಕೂತಿರುತ್ತದೆ, ಒತ್ತಕ್ಷರ ಆಗದಂತೆ ತಡೆಯಲು. ಅದಿಲ್ಲದೆ ‘ಸಾಫ್ಟ್ವೇರ್’ ಎಂದು ಬರೆದ ಪಠ್ಯವೂ ಧಾರಾಳ. 8205 ಎಂಬ ಇನ್ನೊಂದು ಜೋಡಕ ‘ರ್‍ಯಾಂಕ್’ ಥರದ ಪದಗಳಲ್ಲಿ ವಿರಾಮದ ಮುಂಚೆಯೋ ನಂತರವೋ ಬರುತ್ತದೆ. ಎರಡು ಬಗೆಯ ಬರವಣಿಗೆಯೂ ಬಳಕೆಯಲ್ಲಿದೆ. ಎಣಿಸುವುದೋ ಹುಡುಕುವುದೋ ಅಷ್ಟೇ ಕೆಲಸವಾದರೆ ಪಠ್ಯದ ಒಂದು ನಕಲಿನಲ್ಲಿ ಎರಡೂ ಜೋಡಕಗಳನ್ನು ಅಳಿಸಿ ಹುಡುಕಿ. ಮೂಲ ಪಠ್ಯದಲ್ಲಿ ಪದವನ್ನು ಬಣ್ಣದಲ್ಲಿ ತೋರಿಸಬೇಕಿದ್ದರೆ ಅಳಿಸಬೇಡಿ, ಸ್ಥಾನಗಳು ಸರಿದುಹೋಗುತ್ತವೆ. ಆಗ ಪ್ಯಾಟರ್ನ್‌ನಲ್ಲಿ ಆ ಜಾಗಕ್ಕೆ 8204ರ ಎಸ್ಕೇಪ್ ಬರೆದು ಮುಂದೆ `?` ಹಾಕಿ. ಅಂಚಿನ ಗುಂಪಿಗೂ ಇವೆರಡನ್ನು ಸೇರಿಸುವುದನ್ನು ಮರೆಯಬೇಡಿ. ಸೇರಿಸದಿದ್ದರೆ ‘ಸಾಫ್ಟ್’ ಹುಡುಕಿದಾಗ ಸಾಫ್ಟ್‌ವೇರ್‌ನ ಅರ್ಧ ಕೈಗೆ ಬರುತ್ತದೆ.

ಇಷ್ಟಾದರೂ ಏನೂ ಸಿಗದಿದ್ದರೆ ಒಂದು ಸಾಲಿನ ಕೋಡ್ ಪಾಯಿಂಟ್‌ಗಳನ್ನು ಮುದ್ರಿಸಿ ನೋಡಿ. 3200ರ ಆಸುಪಾಸಿನ ಸಂಖ್ಯೆಗಳೇ ಇಲ್ಲವೆಂದರೆ ಅದು ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ಫಾಂಟ್‌ನ ಪಠ್ಯ. ಮೊದಲು ಪರಿವರ್ತಕಕ್ಕೆ ಕೊಡಬೇಕು.

ಹೆಜ್ಜೆ 4: ವಿಭಕ್ತಿಗಳಿಗೆ ಜಾಗ ಮಾಡಿ

ಅಂಚು ಬಿಗಿಯಾದ ಕೂಡಲೇ ಎದುರು ತುದಿಯ ಸಮಸ್ಯೆ ಶುರುವಾಗುತ್ತದೆ: ‘ಗಡಿಯಲ್ಲಿ’, ‘ಗಡಿಗಳನ್ನು’ ಸಿಗುವುದಿಲ್ಲ. ಬಲಗಡೆಯ ಅಂಚನ್ನು ತೆಗೆದುಬಿಡೋಣ ಎಂದರೆ ಗಡಿಯಾರ, ಗಡಿಬಿಡಿ ವಾಪಸ್ ಬರುತ್ತವೆ. ಪ್ರತ್ಯಯಗಳನ್ನು ಬರೆದುಕೊಡುವುದೇ ದಾರಿ:

`(?<![ಂ-ೖ])ಗಡಿ(?:ಯ(?:ನ್ನು|ಲ್ಲಿ|ಿಂದ)?|ಗೆ|ಗಳ(?:ು|ನ್ನು|ಿಗೆ|ಲ್ಲಿ|ಿಂದ)?)?(?![ಂ-ೖ])`

ಇದು ಗಡಿ, ಗಡಿಯ, ಗಡಿಯನ್ನು, ಗಡಿಯಿಂದ, ಗಡಿಗಳು, ಗಡಿಗಳಿಗೆ ಸೇರಿ 12 ರೂಪಗಳನ್ನು ಹಿಡಿಯುತ್ತದೆ. ಗಡಿಯಾರದಲ್ಲಿ ‘ಯ’ ಆದ ಮೇಲೆ ಆ-ಕಾರ ಬರುವುದರಿಂದ ಬಲ ಅಂಚು ತಡೆಯುತ್ತದೆ. ‘ಯಿಂದ’ವನ್ನು ಯ ಮತ್ತು ಇ-ಕಾರವಾಗಿ ಒಡೆದಿರುವುದನ್ನು ಗಮನಿಸಿ, ಕೋಡ್ ಪಾಯಿಂಟ್ ಮಟ್ಟದಲ್ಲಿ ಸಮಾನ ಭಾಗ ಅಲ್ಲಿಗೆ ಮುಗಿಯುತ್ತದೆ. ಊರು, ಕಾಡು ಥರದ ಉ-ಕಾರಾಂತಗಳಿಗೂ ಇದೇ ಉಪಾಯ: `ಊರ(?:ು|ಿನ|ಿಗೆ|ಲ್ಲಿ|ಿಂದ)`. ‘ಗಡಿಯಲ್ಲೂ’, ‘ಗಡಿಯಲ್ಲೇ’ ಬೇಕಿದ್ದರೆ `ಲ್ಲಿ` ಇರುವಲ್ಲಿ `ಲ್ಲ(?:ಿ|ೂ|ೇ)` ಎಂದು ಬಿಡಿಸಿ. ನಾನು–ನನ್ನ–ನನಗೆ ಥರ ಮೂಲವೇ ಬದಲಾಗುವ ಪದಗಳನ್ನು ರೂಪರೂಪವಾಗಿಯೇ ಪಟ್ಟಿಮಾಡಬೇಕು.

ಇನ್ನು ‘ಗಡಿಗೆ’. ಅದು ಗಡಿಯ ಚತುರ್ಥಿಯೂ ಹೌದು, ಮಣ್ಣಿನ ಪಾತ್ರೆಯೂ ಹೌದು. ಇವೆರಡನ್ನು ಯಾವ ರೆಜೆಕ್ಸೂ ಬೇರೆಮಾಡಲಾರದು. ಬದಲಿಸುವ ಕೆಲಸದಲ್ಲಿ ಅಂಥ ರೂಪಗಳನ್ನು ಹೊರಗಿಟ್ಟು ಕಣ್ಣಾರೆ ನೋಡಿ ತೀರ್ಮಾನಿಸಿ.

ಪ್ಯಾಟರ್ನ್ ಬರೆಯುವಾಗಿನ ಚಿಲ್ಲರೆ ಎಡವಟ್ಟುಗಳು

`[ಗಡಿ]` ಎಂದರೆ ಗಡಿ ಎಂಬ ಪದವಲ್ಲ. ಗ, ಡ, ಇ-ಕಾರದ ಚಿಹ್ನೆ, ಈ ಮೂರರಲ್ಲಿ ಯಾವುದೋ ಒಂದು. ಹಾಗೆಯೇ `ಹೋ+` ಎಂದರೆ ‘ಹೋಹೋಹೋ’ ಅಲ್ಲ, ಹ ಒಂದೇ ಸಲ, ಓ-ಕಾರದ ಚಿಹ್ನೆ ಹಲವು ಸಲ. ಪೂರ್ತಿ ಅಕ್ಷರ ಪುನರಾವರ್ತನೆಯಾಗಬೇಕಿದ್ದರೆ `(?:ಹೋ)+`. `?`ಗೂ ಇದೇ ನಿಯಮ. ಚುಕ್ಕಿಯೂ ಒಂದು ಕೋಡ್ ಪಾಯಿಂಟ್‌ಗಷ್ಟೇ ಸಮ: `^..$` ಎಂದು ‘ಎರಡಕ್ಷರದ ಪದ’ ಕೇಳಿದರೆ ‘ಗಡಿ’ ಸಿಗದು, ‘ಮರ’ ಸಿಗುತ್ತದೆ, ಒಂದೇ ಅಕ್ಷರವಾಗಿ ಕಾಣುವ ‘ಕಾ’ ಕೂಡ ಸಿಗುತ್ತದೆ.

`^ಮರ|ಗಿಡ$` ಎಂಬುದನ್ನು ಎಂಜಿನ್ ‘ಮರದಿಂದ ಶುರುವಾಗುವುದು ಅಥವಾ ಗಿಡದಿಂದ ಮುಗಿಯುವುದು’ ಎಂದು ಓದುತ್ತದೆ. ಬೇಕಾದದ್ದು `^(?:ಮರ|ಗಿಡ)$`. ಅಂಚಿನ ಗುರುತುಗಳ ವಿಷಯದಲ್ಲೂ ಅಷ್ಟೇ: | ಇದ್ದ ಕಡೆ ಕಂಸ ಇರಲೇಬೇಕು.

`ಮನ|ಮನೆ` ಎಂಬುದನ್ನು ‘ಮನೆ’ಯ ಮೇಲೆ ಓಡಿಸಿದರೆ ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ‘ಮನ’ ಬರುತ್ತದೆ, ಏಕೆಂದರೆ ಎಡದಿಂದ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಬಲ ಅಂಚು ಹಾಕಿದ್ದರೆ ಎಂಜಿನ್ ತಾನೇ ಹಿಂದಕ್ಕೆ ಬಂದು ಮುಂದಿನದನ್ನು ನೋಡುತ್ತದೆ. ಹಾಕದಿದ್ದರೆ ಉದ್ದದ್ದನ್ನು ಮೊದಲು ಬರೆಯಿರಿ.

ಪೈಥಾನ್‌ನಲ್ಲಿ ಸ್ಟ್ರಿಂಗ್‌ನ ಮುಂದೆ ಆರ್ ಅಕ್ಷರ ಮರೆತರೆ ಸ್ಲ್ಯಾಶ್-ಬಿ ಪದದ ಅಂಚಾಗದೆ 8ನೇ ಸಂಖ್ಯೆಯ ಬ್ಯಾಕ್‌ಸ್ಪೇಸ್ ಅಕ್ಷರವಾಗುತ್ತದೆ. ಎರರ್ ಬರುವುದಿಲ್ಲ, ಮ್ಯಾಚೂ ಬರುವುದಿಲ್ಲ. ಅದೇ ಭಾಷೆಯ ಮ್ಯಾಚ್ ಫಂಕ್ಷನ್ ಪಠ್ಯದ ಆರಂಭವನ್ನಷ್ಟೇ ನೋಡುತ್ತದೆ. ನಡುವೆ ಹುಡುಕಲು ಸರ್ಚ್, ಪೂರ್ತಿ ಹೋಲಿಸಲು ಫುಲ್‌ಮ್ಯಾಚ್. ಜಾವಾಸ್ಕ್ರಿಪ್ಟ್‌ನಲ್ಲಿ ಗ್ಲೋಬಲ್ ಫ್ಲ್ಯಾಗ್ ಇರುವ ಒಂದೇ ರೆಜೆಕ್ಸ್ ಮೇಲೆ ಟೆಸ್ಟ್ ಫಂಕ್ಷನ್ ಮತ್ತೆ ಮತ್ತೆ ಕರೆದರೆ ಉತ್ತರ ಒಮ್ಮೆ ಹೌದು, ಒಮ್ಮೆ ಇಲ್ಲ ಎಂದು ಬರುತ್ತದೆ, ಏಕೆಂದರೆ ಅದು ಕಳೆದ ಸಲ ನಿಂತ ಜಾಗವನ್ನು ನೆನಪಿಟ್ಟುಕೊಂಡಿರುತ್ತದೆ. ಬರೀ ಇದೆಯೋ ಇಲ್ಲವೋ ಎಂದು ನೋಡುವಾಗ ಆ ಫ್ಲ್ಯಾಗ್ ಬೇಡ.

ಬಳಕೆದಾರರು ಟೈಪ್ ಮಾಡಿದ ಪದವನ್ನು ಎಸ್ಕೇಪ್ ಮಾಡದೆ ಪ್ಯಾಟರ್ನ್‌ಗೆ ಸೇರಿಸಬೇಡಿ. ‘ಏನು?’ ಎಂದು ಹುಡುಕಿದರೆ ಪ್ರಶ್ನೆಚಿಹ್ನೆ ಉ-ಕಾರವನ್ನು ಐಚ್ಛಿಕ ಮಾಡಿ ‘ಏನ’ನ್ನೂ ಹಿಡಿಯುತ್ತದೆ.

ಕೊನೆಯದು ಪ್ರೋಗ್ರಾಮನ್ನೇ ನಿಲ್ಲಿಸಿಬಿಡುವ ತಪ್ಪು. ‘ಪದಗಳ ಸಾಲು, ಕೊನೆಗೆ ಆಶ್ಚರ್ಯಚಿಹ್ನೆ’ ಎಂದು `(?:[ಂ-ೖ]+ ?)+!` ಬರೆದರೆ ನೋಡಲು ಮುಗ್ಧವಾಗಿದೆ. ಆದರೆ ಖಾಲಿ ಜಾಗ ಐಚ್ಛಿಕವಾದ್ದರಿಂದ ಒಂದೇ ಪದವನ್ನು ಎಷ್ಟು ಬಗೆಯಲ್ಲಿ ಬೇಕಾದರೂ ತುಂಡರಿಸಬಹುದು. ಆಶ್ಚರ್ಯಚಿಹ್ನೆ ಇಲ್ಲದ ಪಠ್ಯದಲ್ಲಿ ಹಿಂದಕ್ಕೆ ಬಂದು ನೋಡುವ ಎಂಜಿನ್ ಆ ಬಗೆಗಳನ್ನೆಲ್ಲ ಪ್ರಯತ್ನಿಸುತ್ತದೆ: 30 ಕೋಡ್ ಪಾಯಿಂಟ್‌ಗಳ ಒಂದು ಪದಕ್ಕೆ 53 ಕೋಟಿಗೂ ಹೆಚ್ಚು, ಒಂದು ಕೋಡ್ ಪಾಯಿಂಟ್ ಹೆಚ್ಚಿದರೆ ಅದರ ದುಪ್ಪಟ್ಟು. ಪ್ರತ್ಯಯ, ಒತ್ತಕ್ಷರಗಳು ಸೇರಿದ ಕನ್ನಡ ಪದ ಆ ಉದ್ದ ಮುಟ್ಟುವುದೂ ಉಂಟು. `[ಂ-ೖ]+(?: [ಂ-ೖ]+)*!` ಎಂದು ಖಾಲಿ ಜಾಗವನ್ನು ಕಡ್ಡಾಯ ಮಾಡಿದರೆ ತುಂಡರಿಸಲು ಒಂದೇ ದಾರಿ ಉಳಿಯುತ್ತದೆ.

ಪರೀಕ್ಷೆಗೆ ಏನು ಕೊಡಬೇಕು

ಹಿಡಿಯಲೇಬೇಕಾದವು: ‘ಗಡಿ’ (ಪಠ್ಯದಲ್ಲಿ ಅದೊಂದೇ), ‘ಗಡಿ.’, ‘“ಗಡಿ”’, ‘ಗಡಿ ಗಡಿ’ (ಎರಡೂ), ‘ಗಡಿಯಲ್ಲಿ’. ಹಿಡಿಯಲೇಬಾರದವು: ‘ಅಂಗಡಿ’, ‘ಅಂಗಡಿಯಲ್ಲಿ’, ಸೊನ್ನೆ ಹಾಕಿ ಬರೆದ ‘ಅ೦ಗಡಿ’, ‘ಗಡಿಯಾರ’, ‘ಗಡಿಬಿಡಿ’. ಸೊನ್ನೆಯ ಅಂಗಡಿ ಸಿಕ್ಕಿಬಿದ್ದರೆ ಶುಚಿಮಾಡುವ ಹೆಜ್ಜೆ ಹುಡುಕಾಟಕ್ಕಿಂತ ಮೊದಲು ಓಡುತ್ತಿಲ್ಲ ಎಂದರ್ಥ. ನಿಮ್ಮ ಪದಕ್ಕೂ ಇಂಥದೇ ಎರಡು ಪಟ್ಟಿ ಮಾಡಿ. ಅದರಲ್ಲಿ ಅನುಸ್ವಾರದ ನಂತರ ಬರುವ ಒಂದು, ಸ್ವರಚಿಹ್ನೆಯ ನಂತರ ಬರುವ ಒಂದು, ವಿರಾಮದಲ್ಲಿ ಕೊನೆಯಾಗುವ ಒಂದು ರೂಪ ಇರಲೇಬೇಕು.